ಹಾಜರಿಯ ಸುಳ್ಳು

ಹಿರಿಯೂರು ಸೀಮೆಯಲ್ಲಿ ಶೇಂಗಾ ಕೀಳುವ ಕಾಲ ಬಂತೆಂದರೆ ನಮ್ಮ ತರಗತಿ ಅರ್ಧ ಬರಿದಾಗುತ್ತದೆ. ಮಳೆಯನ್ನೇ ನಂಬಿದ ಬೇಸಾಯ; ಮಕ್ಕಳ ಕೈಯೂ ಬೇಕು. ಕಳೆದ ವರ್ಷ ಐದನೆಯ ತರಗತಿಯ ಹುಡುಗನೊಬ್ಬ ಎಂಟು ದಿನ ಬರಲಿಲ್ಲ. ಬಡವರ ಮಗುವಿಗೆ ತೊಂದರೆಯಾಗದಿರಲೆಂದು ದಿನವೂ ‘ಹಾಜರು’ ಎಂದೇ ಗುರುತು ಹಾಕಿದೆ. ಕರುಣೆಯಿಂದ ಆಡಿದ ಸುಳ್ಳಿಗೆ ದೋಷವಿಲ್ಲವೆಂದು ಸಮಾಧಾನ ಹೇಳಿಕೊಂಡೆ.

ಒಂಬತ್ತನೆಯ ದಿನ ಸಂಶಯ ಹುಟ್ಟಿತು. ಪುಸ್ತಕದಲ್ಲಿ ಕುಳಿತಿರುವವನನ್ನು ಹೊಲದಲ್ಲಿ ಹುಡುಕುವವರು ಯಾರು? 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯಿದೆಗೂ ನನ್ನ ಗುರುತು ಕಣ್ಣು ಕಟ್ಟಿತ್ತು.

ಅಂದು ‘ಗೈರುಹಾಜರು’ ಎಂದು ಬರೆದು, ಸಂಜೆ ಅವನ ಮನೆಗೆ ನಡೆದೆ.

“ಈಗ ಬಂದ್ರಾ, ಮೇಷ್ಟ್ರೇ?” ಎಂದಳು ತಾಯಿ.

ಒಂದು ಮೈಲಿ ನಡೆಯುವ ಬೇಸರಕ್ಕೆ ಕರುಣೆಯೆಂಬ ಹೆಸರಿಟ್ಟಿದ್ದೆನೆಂದು ಆಗ ತಿಳಿಯಿತು.