ಗಾಳಿಯಾಡದ ಎಡೆ

ದೇವದುರ್ಗದ ಕಡೆಯವರಾದ ನಮಗೆ ದೋಣಿಯೆಂದರೆ ಕೃಷ್ಣೆಯ ಹರಿಗೋಲು. ಬಿದಿರಿನ ಹೆಣಿಗೆ, ಅದಕ್ಕೊಂದು ಹೊದಿಕೆ, ಹೊದಿಕೆಗೆ ಬಳಿದ ಡಾಂಬರು. ಇಷ್ಟೇ ಅದರ ಸಂಪತ್ತು. ಅದು ಕೆಟ್ಟರೆ ಕೆಟ್ಟಿತೆಂದು ಯಾರೂ ಹೇಳಬೇಕಾಗಿಲ್ಲ. ಕುಳಿತವನ ಕಾಲೇ ಮೊದಲು ಒದ್ದೆಯಾಗುತ್ತದೆ. ತನ್ನ ದೋಷವನ್ನು ಮುಚ್ಚಿಡಲಾರದ ಈ ವಾಹನವನ್ನಷ್ಟೇ ಬಲ್ಲ ನನಗೆ, ಕಳೆದ ಜೂನ್ ತಿಂಗಳಲ್ಲಿ ಮಲ್ಪೆಯಲ್ಲಿ ಕಂಡ ಒಂದು ಮೋಟಾರು ದೋಣಿ ಬೇರೆಯೇ ಪಾಠವನ್ನು ಹೇಳಿತು.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆ 61 ದಿನಗಳು ದೋಣಿಗಳಿಗೆ ದುರಸ್ತಿಯ ಕಾಲವೂ ಹೌದು. ಉಡುಪಿಯಲ್ಲಿರುವ ನನ್ನ ಭಾವನವರೊಡನೆ ಬಂದರಿನ ಕಡೆ ಹೋಗಿದ್ದಾಗ, ದಡಕ್ಕೇರಿಸಿದ ಹಳೆಯ ದೋಣಿಯೊಂದರ ಶಾಫ್ಟನ್ನು, ಎಂದರೆ ಎಂಜಿನ್ನಿನ ಬಲವನ್ನು ಹಿಂದಿನ ಪ್ರೊಪೆಲ್ಲರಿಗೆ ಮುಟ್ಟಿಸುವ ಉದ್ದನೆಯ ಉಕ್ಕಿನ ದಂಡವನ್ನು, ಹೊರಗೆಳೆದು ದಿಮ್ಮಿಗಳ ಮೇಲೆ ಮಲಗಿಸಿದ್ದರು. ನೀರಿಗೆ ತೆರೆದುಕೊಂಡಿದ್ದ ಭಾಗ ಇನ್ನೂ ಹೊಳೆಯುತ್ತಿತ್ತು. ಬೇರಿಂಗಿನೊಳಗೆ ಅಡಗಿದ್ದ ಭಾಗದಲ್ಲಿ ಮಾತ್ರ ಸಿಡುಬಿನ ಕಲೆಗಳಂತೆ ಗುಳಿಗಳು.

“ಉಜ್ಜಿ ಮತ್ತೆ ಹಾಕಬಹುದಲ್ಲ?” ಎಂದೆ.

“ಮೇಲಿನದ್ದು ಉಜ್ಜಬಹುದು ಮಾಸ್ಟ್ರೇ. ಒಳಗೆ ಹೋದದ್ದನ್ನು ಏನು ಮಾಡುವುದು? ಇದನ್ನು ನಂಬಿ ಏಳೆಂಟು ಜನ ಸಮುದ್ರಕ್ಕೆ ಹೋಗುವವರು” ಎಂದ ಮೇಸ್ತ್ರಿ.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರೇರ್ಲಿ ಉಕ್ಕಿಗೆ ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದ. ಅದರ ಗುಟ್ಟು ಇಷ್ಟು: ಕ್ರೋಮಿಯಂ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಾಗಿ ಲೋಹವನ್ನು ಕಾಯುತ್ತದೆ. ಗೀಚಿದರೆ ಪೊರೆ ಹರಿಯುತ್ತದೆ. ಆಮ್ಲಜನಕ ತಾಕಿದೊಡನೆ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಇಕ್ಕಟ್ಟಾದ ಸಂದಿಯಲ್ಲಿ ನೀರು ನಿಂತುಬಿಟ್ಟರೆ ಅಲ್ಲಿನ ಆಮ್ಲಜನಕ ಮುಗಿಯುತ್ತದೆ. ಪೊರೆಯ ಗಾಯ ಮಾಯುವುದಿಲ್ಲ. ಉಪ್ಪು ಒಳಕ್ಕೆ ಕೊರೆಯುತ್ತದೆ. ಆದುದರಿಂದಲೇ ಓಡಾಡುವ ದೋಣಿಗಿಂತ ಕಟ್ಟಿಹಾಕಿದ ದೋಣಿಯ ಶಾಫ್ಟಿಗೆ ಈ ಭಯ ಹೆಚ್ಚು. ಗುಳಿಯಿಂದ ಹೊರಟ ಬಿರುಕು ಸುತ್ತು ಸುತ್ತಿಗೂ ಬೆಳೆದು ಒಂದು ದಿನ ದಂಡ ತುಂಡಾಗುತ್ತದೆ. ತುಂಡು ಜಾರಿಹೋದರೆ ಅದರ ರಂಧ್ರದಿಂದಲೇ ಕಡಲು ಒಳಗೆ ಬರುತ್ತದೆ.

ಇದನ್ನು ಕೇಳುತ್ತ ನಿಂತಿದ್ದಾಗ ನನಗೆ ನನ್ನ ತರಗತಿಯ ನೆನಪಾಯಿತು. ಕೂಡಲಸಂಗಮವು ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಸಂಗಮವೆಂದು ನನ್ನ ಟಿಪ್ಪಣಿಯಲ್ಲಿ ಎಂದೋ ಬರೆದುಕೊಂಡಿದ್ದೆ. ವಚನಗಳ ಪಾಠ ಬಂದಾಗಲೆಲ್ಲ ಅದನ್ನೇ ಓದುತ್ತ ಬಂದಿದ್ದೆ. ಒಂದು ವರ್ಷ ನದಿ ದಂಡೆಯ ಹಳ್ಳಿಯ ಹುಡುಗನೊಬ್ಬ ಎದ್ದು, “ಸರ್, ಅದು ಮಲಪ್ರಭಾ ಅಲ್ಲೇನ್ರಿ?” ಎಂದ. ಅವನು ಹೇಳಿದ್ದೇ ಸರಿ. ಘಟಪ್ರಭೆ ಕೃಷ್ಣೆಯನ್ನು ಸೇರುವುದು ಚಿಕ್ಕಸಂಗಮದಲ್ಲಿ. ನಾನು, “ಪರೀಕ್ಷೆಗೆ ನದಿಯ ಹೆಸರು ಕೇಳುವುದಿಲ್ಲ, ಕುಳಿತುಕೋ” ಎಂದೆ. ತರಗತಿ ನಕ್ಕಿತು. ಆ ಹುಡುಗ ಆಮೇಲೆ ಏನನ್ನೂ ಕೇಳಲಿಲ್ಲ.

ತಪ್ಪು ಸಣ್ಣದು, ನಿಜ. ಆದರೆ ಕೆಟ್ಟದ್ದು ನದಿಯ ಹೆಸರಲ್ಲ. ಪ್ರಶ್ನೆಯೇ ನನಗೆ ತಾಕಬೇಕಾಗಿದ್ದ ಗಾಳಿ. ಅದು ಬರುವ ಸಂದನ್ನು ನನ್ನ ಕೈಯಾರೆ ಮುಚ್ಚಿದೆ. ಗೌರವದ ಸ್ಥಾನಗಳ ಅಪಾಯವೇ ಇದು. ಮೇಷ್ಟರು, ಮನೆಯ ಯಜಮಾನರು, ಅಧಿಕಾರಿಗಳು, ಇವರನ್ನು ಯಾರೂ ಕೇಳುವುದಿಲ್ಲ. ಕೇಳದಿರುವುದನ್ನು ನಾವು ನಿರ್ದೋಷತೆಯೆಂದು ಎಣಿಸುತ್ತೇವೆ. ಹೊರಗೆ ಹೊಳಪು ಹೋಗಿರುವುದಿಲ್ಲವಾದ್ದರಿಂದ ಎಣಿಕೆ ಸುಳ್ಳೆಂದು ತೋರುವುದೂ ಇಲ್ಲ.

ಒಂದೊಂದಾಗಿ ಹಲಗೆಗಳನ್ನೆಲ್ಲ ಬದಲಿಸಿದ ಥೀಸಿಯಸನ ಹಡಗು ಹಳೆಯದೋ ಹೊಸದೋ ಎಂದು ಗ್ರೀಕರು ವಾದಿಸಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಬದಲಾಯಿಸಲು ಅಂಜುವವನ ಮನಸ್ಸಿನಲ್ಲಿಯೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಇರುತ್ತದೆ: ಇಷ್ಟು ವರ್ಷದ ತಪ್ಪನ್ನು ಒಪ್ಪಿಕೊಂಡರೆ, ಇಷ್ಟು ವರ್ಷ ಮೇಷ್ಟರೆನಿಸಿಕೊಂಡ ನಾನು ಯಾರು? ಮೇಸ್ತ್ರಿಗೆ ಈ ಸಂದೇಹವಿರಲಿಲ್ಲ. ಶಾಫ್ಟು ಬದಲಾದರೂ ಅವನಿಗೆ ದೋಣಿ ಅದೇ. ದೋಣಿಯ ಸ್ವಭಾವವಿರುವುದು ಹಳೆಯ ಕಬ್ಬಿಣದಲ್ಲಲ್ಲ, ನಂಬಿ ಹತ್ತಿದವರನ್ನು ದಡ ಮುಟ್ಟಿಸುವುದರಲ್ಲಿ.

ಊರಿಗೆ ಬಂದ ಮೇಲೆ ತರಗತಿಯಲ್ಲಿ ತಪ್ಪನ್ನು ಹೇಳಿ ತಿದ್ದಿಸಿದೆ. ಹುಡುಗರು ಬರೆದುಕೊಂಡರು; ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೆ ಅಂದು ಕೇಳಿದ ಹುಡುಗ ಅಲ್ಲಿರಲಿಲ್ಲ. ಓದು ಮುಗಿಸಿ ಹೋಗಿ ಎಷ್ಟೋ ವರ್ಷಗಳಾಗಿವೆ. ಅವನಿಂದ ಕಳೆದುಹೋದ ಆ ಎದ್ದು ನಿಲ್ಲುವ ಧೈರ್ಯವನ್ನು ತಿರುಗಿ ಕೊಡುವ ದುರಸ್ತಿ ನನಗೆ ತಿಳಿಯದು. ಹೊಸ ಶಾಫ್ಟನ್ನೂ ವರ್ಷ ವರ್ಷ ಬಿಚ್ಚಿ ನೋಡಬೇಕೆಂದು ಮೇಸ್ತ್ರಿ ಹೇಳಿದ್ದ. ಈಗ ಪಾಠ ಮುಗಿದೊಡನೆ ಪುಸ್ತಕ ಮುಚ್ಚುವುದಿಲ್ಲ; ಯಾರಾದರೂ ಕೈಯೆತ್ತುವರೇನೋ ಎಂದು ಒಂದಿಷ್ಟು ಹೊತ್ತು ನಿಲ್ಲುತ್ತೇನೆ.