ಒಂದೇ ಒಲೆಯ ಮನೆ

ಜನಗಣತಿಯ ಕರ್ತವ್ಯಕ್ಕೆ ನಿಯುಕ್ತರಾದ ಉಪಾಧ್ಯಾಯರಿಗೆಲ್ಲ ಕುಟುಂಬವೆಂಬುದರ ಲಕ್ಷಣವು ಕಂಠಸ್ಥವಾಗಿರುತ್ತದೆ. ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ, ಒಂದೇ ಅಡುಗೆಮನೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಕುಟುಂಬ. ಅವರಲ್ಲಿ ರಕ್ತಸಂಬಂಧ ಇರಲೇಬೇಕೆಂಬ ನಿಯಮವಿಲ್ಲ. ಒಲೆ ಒಂದೇ ಆಗಿದ್ದರೆ ಸಾಕು. 1991ರ ಫೆಬ್ರವರಿಯಲ್ಲಿ ನಾವು ಗಣತಿದಾರರಾಗಿ ಮನೆಮನೆ ತಿರುಗಿದಾಗ, ಇಷ್ಟು ಸರಳವೂ ಉದಾರವೂ ಆದ ಲಕ್ಷಣವನ್ನು ಸರ್ಕಾರವು ಹೇಗೆ ಬರೆಯಿತೆಂದು ಸೋಜಿಗಪಟ್ಟಿದ್ದೆವು. ಆದರೆ ಅದೇ ನಮೂನೆಯಲ್ಲಿ ಇನ್ನೊಂದು ಕಲಮು ಇತ್ತು: ಕುಟುಂಬದ ಮುಖ್ಯಸ್ಥರೊಂದಿಗೆ ಇರುವ ಸಂಬಂಧ. ಒಂದು ಮನೆಯಲ್ಲಿ ಆ ಕಲಮಿನ ಮುಂದೆ ನಮ್ಮ ಲೇಖನಿ ನಿಂತಿತು.

ಆ ಮನೆಯಲ್ಲಿ ಇಬ್ಬರು ಸ್ತ್ರೀಯರಿದ್ದರು. ಊರು ಯಾವುದೆಂದರೆ, ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಈ ಮೂರರ ಸೀಮೆಯೊಳಗಿನದೆಂದಷ್ಟೇ ಹೇಳುತ್ತೇವೆ. ಹೆಸರು, ಉದ್ಯೋಗ, ಬೀದಿಗಳನ್ನು ಅವರ ಇಚ್ಛೆಯಂತೆ ಮರೆಸಿದ್ದೇವೆ. ಈ ಲೇಖನವನ್ನು ಸಂಪಾದಕರಿಗೆ ಕೊಡುವ ಮೊದಲು ಅವರಿಬ್ಬರಿಗೂ ಓದಿ ಹೇಳಿದೆವು; ಎರಡು ವಾಕ್ಯಗಳನ್ನು ತೆಗೆಯಿಸಿದರು, ತೆಗೆದಿದ್ದೇವೆ. ಹಿರಿಯಾಕೆ ಬೀದರ ಕಡೆಯ ಕನ್ನಡದವರು, ಕಿರಿಯಾಕೆ ಮೆದಕ್ ಕಡೆಯ ತೆಲುಗಿನವರು. ಇಬ್ಬರದೂ ಸರ್ಕಾರಿ ನೌಕರಿ. 1986ರಲ್ಲಿ ಬಾಡಿಗೆಗೆ ಹಿಡಿದ ಎರಡು ಕೋಣೆಗಳ ಮನೆ. ನಮೂನೆಯ ಮುಂದೆ ಕುಳಿತು, ಇವರು ನಿಮಗೇನಾಗಬೇಕೆಂದು ಕೇಳಿದೆವು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು, ಉತ್ತರ ಬರಲಿಲ್ಲ. ಉತ್ತರ ಬರುವ ಮೊದಲೇ ನಾವು ‘ತಂಗಿ’ ಎಂದು ಬರೆದುಕೊಂಡೆವು. ಅವರು ಏನೂ ಹೇಳದೆ ಚಹಾ ತಂದುಕೊಟ್ಟರು. ಸಂಕೋಚದಿಂದ ಅವರನ್ನು ಪಾರುಮಾಡಿದೆವೆಂಬ ತೃಪ್ತಿಯಿಂದ ನಾವು ಮುಂದಿನ ಮನೆಗೆ ನಡೆದೆವು.

ಊರೂ ಹೀಗೆಯೇ ಮಾಡಿತು. ಅವರನ್ನು ಅಕ್ಕತಂಗಿಯರೆಂದು ಕರೆಯಿತು; ಅಲ್ಲವೆಂಬುದು ಎಲ್ಲರಿಗೂ ತಿಳಿದಿತ್ತು, ಕೇಳಿದವರು ಮಾತ್ರ ಯಾರೂ ಇಲ್ಲ. ಇದನ್ನು ನಾವು ಹಳಿಯುತ್ತಿಲ್ಲ. ಇನ್ನೆಷ್ಟೋ ಕಡೆ ಇಂಥ ಇಬ್ಬರನ್ನು ಎಳೆದು ಬೇರೆ ಮಾಡಿದ, ಬಡಿದು ಮದುವೆ ಮಾಡಿದ ಕಥೆಗಳಿವೆ. ನಮ್ಮ ಊರಿನ ಮೌನವು ಅವರಿಗೆ ಮೂವತ್ತು ವರ್ಷಗಳ ಸಂಜೆಗಳನ್ನು ಕೊಟ್ಟಿತು. ಇಬ್ಬರಿಗೂ ತಿಂಗಳ ಸಂಬಳವಿತ್ತೆಂಬುದನ್ನೂ ಇಲ್ಲಿ ಮರೆಯಬಾರದು. ಕೂಲಿನಾಲಿ ಮಾಡುವ ಇಬ್ಬರು ಹೆಣ್ಣುಮಕ್ಕಳಿಗೆ ಇದೇ ಸೌಜನ್ಯ ದೊರೆಯುತ್ತಿತ್ತೇ ಎಂಬುದು ನಮಗೆ ಸಂದೇಹ.

ಆ ಮನೆಯ ಸುಖಗಳು ಯಾವುವು? ನಮ್ಮ ನಿಮ್ಮ ಮನೆಗಳವೇ. ಬೆಳಿಗ್ಗೆ ಒಬ್ಬರು ರೊಟ್ಟಿ ಬಡಿದರೆ ಒಬ್ಬರು ಪುಂಡಿಪಲ್ಯಕ್ಕೆ ಒಗ್ಗರಣೆ ಹಾಕುವುದು. ಖಾರ ಹೆಚ್ಚಾಯಿತೆಂದು ಬೀದರಿನವರ ತಕರಾರು, ಸಪ್ಪೆಯಾಯಿತೆಂದು ಮೆದಕಿನವರ ತಕರಾರು; ಇದು ನಲವತ್ತು ವರ್ಷವಾದರೂ ಇತ್ಯರ್ಥವಾಗದ ವ್ಯಾಜ್ಯ. ಕನ್ನಡ ಪತ್ರಿಕೆಯನ್ನು ಹಿರಿಯಾಕೆ ಗಟ್ಟಿಯಾಗಿ ಓದುವುದು, ಕಿರಿಯಾಕೆ ಬೇಳೆ ಆರಿಸುತ್ತ ಕೇಳುವುದು. ಹಾಗೆ ಕೇಳಿ ಕೇಳಿಯೇ ಆಕೆ ಕನ್ನಡ ಕಲಿತರು. ಇಂದು ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕವಿಗೋಷ್ಠಿಯನ್ನು ಕೊನೆಯವರೆಗೆ ಕೇಳುವ ಕೆಲವೇ ಮಂದಿಯಲ್ಲಿ ಅವರೊಬ್ಬರು. ಕನ್ನಡವೇ ಮನೆಮಾತಾದ ಎಷ್ಟೋ ಮಂದಿ ಊಟದ ಹೊತ್ತಿಗೆ ಎದ್ದುಹೋಗಿರುತ್ತಾರೆ. ಬತುಕಮ್ಮನ ದಿನಗಳಲ್ಲಿ ಹಿರಿಯಾಕೆ ತಂಗಡಿ ಹೂವಿಗಾಗಿ ಹೊಲಗಳ ಬದುವಿನಲ್ಲಿ ಅಲೆಯುತ್ತಾರೆ. ಎಳ್ಳಮಾವಾಸ್ಯೆಗೆ ಇಬ್ಬರೂ ನಮ್ಮ ಹೊಲಕ್ಕೆ ಬರುತ್ತಾರೆ. ಸಜ್ಜೆರೊಟ್ಟಿ, ಭಜ್ಜಿ, ಅಂಬಲಿ. ಚರಗ ಚೆಲ್ಲುವಾಗ ನಮ್ಮ ಶ್ರೀಮತಿಯವರ ಜೊತೆ ಹೊಲ ಸುತ್ತುತ್ತಾರೆ.

ಎರಡನೆಯ ಶನಿವಾರ ಬಂತೆಂದರೆ ಒಂದು ಚೀಲ, ಒಂದು ಬುತ್ತಿ, ಬಸ್ಸು. ದೂರದ ಪ್ರವಾಸವಿಲ್ಲ. ಝರಾಸಂಗಮದ ಕೇತಕಿ ಸಂಗಮೇಶ್ವರ, ಮಂಜೀರಾ ನದಿಯ ಸಿಂಗೂರು ಜಲಾಶಯ, ಮಳೆಗಾಲದಲ್ಲಿ ಮೂಸಿ ನದಿ ಹುಟ್ಟುವ ಅನಂತಗಿರಿಯ ಗುಡ್ಡ. ಎಲ್ಲಕ್ಕಿಂತ ಹೆಚ್ಚಾಗಿ ಬೀದರು. ಕೋಟೆಯೊಳಗಿನ ನೆರಳಿನಲ್ಲಿ ಬುತ್ತಿ ಬಿಚ್ಚುವುದು, ಬಿದರಿ ಕೆಲಸದ ಅಂಗಡಿಯಲ್ಲಿ ಬೆಲೆ ಕೇಳಿ ಕೊಳ್ಳದೆ ಬರುವುದು, ಅನಂತರ ಝರಣಿ ನರಸಿಂಹ. ಅಲ್ಲಿಗೆ ಹೋದವರಿಗೆ ಗೊತ್ತು: ಗುಡ್ಡದೊಳಗಿನ ಸುರಂಗದಲ್ಲಿ ಎದೆಮಟ್ಟದ ನೀರು, ಮುನ್ನೂರು ಮೀಟರುಗಳಷ್ಟು ನಡೆಯಬೇಕು, ಕಾಲಿಗೆ ಕಲ್ಲು ಸಿಕ್ಕುತ್ತದೆ. ಎಲ್ಲರೂ ಒಬ್ಬರ ಕೈಯನ್ನೊಬ್ಬರು ಹಿಡಿದೇ ನಡೆಯುತ್ತಾರೆ. “ಹಂಗ ಎಲ್ಲಾರ ಎದುರಿಗೆ ಕೈ ಹಿಡಿದು ನಡೆಯೋದು ನಮಗ ಅದೊಂದೇ ಜಾಗದಾಗ ರೀ ಸರ್” ಎಂದು ಹಿರಿಯಾಕೆ ಒಮ್ಮೆ ನಕ್ಕು ಹೇಳಿದರು. ನಾವು ಶ್ರೀಮತಿಯವರೊಡನೆ ಅದೇ ಸುರಂಗದಲ್ಲಿ ನಾಲ್ಕೈದು ಸಲ ನಡೆದಿದ್ದೇವೆ. ಕೈ ಹಿಡಿದದ್ದು ನೆನಪಿನಲ್ಲಿಯೂ ಉಳಿದಿಲ್ಲ.

2016ರಲ್ಲಿ ಹಿರಿಯಾಕೆಗೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ನಗರದ ಒಂದು ಆಸ್ಪತ್ರೆ. ಒಪ್ಪಿಗೆ ಪತ್ರದ ಮುಂದೆ ಕುಳಿತ ಗುಮಾಸ್ತರು ಏನಾಗಬೇಕೆಂದು ಕೇಳಿದರು. ಊರು ಕಲಿಸಿದ್ದ ಉತ್ತರವನ್ನೇ ಕಿರಿಯಾಕೆ ಹೇಳಿದರು: ತಂಗಿ. ಗುರುತಿನ ಚೀಟಿಗಳಲ್ಲಿ ತಂದೆಯ ಹೆಸರು ಬೇರೆ, ಮನೆತನದ ಹೆಸರು ಬೇರೆ. ಸಹಿ ನಡೆಯದು, ರಕ್ತಸಂಬಂಧಿಗಳನ್ನು ಕರೆಸಿರಿ ಎಂದರು. ಮೂವತ್ತು ವರ್ಷ ಒಂದೇ ಒಲೆಯ ಅನ್ನ ಉಂಡಾಕೆ ಗೋಡೆಗೆ ಆತು ನಿಂತಿದ್ದರು. ಕಡೆಗೆ, ಜೊತೆಗೆ ಹೋಗಿದ್ದ ನಾವು ಮುಂದೆ ಹೋಗಿ ನಿವೃತ್ತ ಮುಖ್ಯೋಪಾಧ್ಯಾಯರೆಂದು ಹೇಳಿದೆವು. ಏನಾಗಬೇಕೆಂದು ನಮ್ಮನ್ನು ಯಾರೂ ಕೇಳಲಿಲ್ಲ. ನಮ್ಮ ಸಹಿ ನಡೆಯಿತು. ನಾವು ಆಕೆಗೆ ಏನೂ ಆಗಬೇಕಾಗಿರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ: ತಿಳಿದೂ ತಿಳಿಯದಂತೆ ಇರುವುದು ಗೌರವವೇ? ಅಥವಾ ಗೌರವಿಸುವ ಹೊಣೆಯಿಂದ ತಪ್ಪಿಸಿಕೊಳ್ಳುವ ಸುಲಭ ಮಾರ್ಗವೇ?

2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು 377ನೆಯ ಕಲಮಿನ ಬಗ್ಗೆ ತೀರ್ಪಿತ್ತಿತು. ಆ ವಾರ ಅವರು ನಮ್ಮ ಮನೆಗೆ ಬಂದಿದ್ದರು. ಮಾತಿನ ನಡುವೆ ಹಿರಿಯಾಕೆ, “ನಮ್ಮ ಸಂಸಾರಕ್ಕ ಮೂವತ್ತೆರಡು ವರ್ಷ ಆಯ್ತ್ರಿ ಸರ್” ಎಂದರು. ಸಂಸಾರವೆಂಬ ಪದವನ್ನು ಅವರ ಬಾಯಲ್ಲಿ ನಾವು ಕೇಳಿದ್ದು ಅದೇ ಮೊದಲು. ನಮ್ಮ ಶ್ರೀಮತಿಯವರು ಏನೂ ವಿಶೇಷವಿಲ್ಲವೆಂಬಂತೆ, “ನಮಗ ನಲವತ್ತಾಗ್ಲಿಕ್ಕೆ ಬಂತು” ಎಂದು ಇನ್ನೊಂದು ರೊಟ್ಟಿ ಬಡಿಸಿದರು. ಈ ವಿಷಯದಲ್ಲಿ ಅವರು ನಮಗಿಂತ ಮುಂದಿದ್ದರೆಂದು ಒಪ್ಪಿಕೊಳ್ಳಬೇಕು. ಕಿರಿಯಾಕೆ ಮಾತ್ರ ಹಳೆಯ ಭಯವನ್ನು ಹೇಳಿಕೊಂಡರು. 1987ರಲ್ಲಿ ಮಧ್ಯಪ್ರದೇಶದ ಪೊಲೀಸ್ ಪೇದೆಗಳಾದ ಲೀಲಾ ನಾಮದೇವ್, ಊರ್ಮಿಳಾ ಶ್ರೀವಾಸ್ತವ ಎಂಬ ಇಬ್ಬರು ಮಹಿಳೆಯರು ಮದುವೆಯಾಗಿ, ಆ ಕಾರಣಕ್ಕೆ ನೌಕರಿ ಕಳೆದುಕೊಂಡ ಸುದ್ದಿಯನ್ನು ಇವರೂ ಪತ್ರಿಕೆಯಲ್ಲಿ ಓದಿದ್ದರು. ಇವರ ಸಂಸಾರಕ್ಕೆ ಆಗ ಒಂದೇ ವರ್ಷ. ಆ ಪುಟವನ್ನು ಒಲೆಗೆ ಹಾಕಿದರಂತೆ. “ನಮಗ ಹೇಳಲಿಕ್ಕೇ ಬರಲಿಲ್ಲ, ನೀವು ಗಣತಿಗೆ ಬಂದಾಗ ನೀವೇ ತಂಗಿ ಅಂತ ಬರ್ಕೊಂಡ್ರಿ” ಎಂದರು. ದೂರಿನ ದನಿಯೇನೂ ಇರಲಿಲ್ಲ.

ಆ ರಾತ್ರಿ ನಮಗೆ ನಮ್ಮ ತಂದೆಯವರು ನೆನಪಾದರು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರದೇ ತಾಲೂಕಾಗಿದ್ದ ನಾರಾಯಣಖೇಡ್ ಆಂಧ್ರಕ್ಕೆ ಉಳಿಯಿತು. ಜಹೀರಾಬಾದಿನದೂ ಅದೇ ಕಥೆ, ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟ ತಾಂಡೂರಿನದೂ ಅದೇ. 1971ರ ಗಣತಿಯಲ್ಲಿ ಮನೆಗೆ ಬಂದ ಗಣತಿದಾರರು ಕೇಳದೆಯೇ ಮಾತೃಭಾಷೆ ತೆಲುಗೆಂದು ಬರೆದರು. ಹೇಗೂ ಎಲ್ಲರಿಗೂ ತೆಲುಗು ಬರುತ್ತದಲ್ಲ ಎಂಬುದು ಅವರ ಸಮಾಧಾನ. ತಂದೆಯವರು ಅವರನ್ನು ಏಳಗೊಡಲಿಲ್ಲ. “ಬರ್ತದ. ಆದ್ರ ಅದು ನಮ್ಮ ಮನಿ ಮಾತಲ್ಲ, ತಿದ್ದ್ರಿ” ಎಂದು ತಿದ್ದಿಸಿಯೇ ಕಳಿಸಿದರು. ಈ ಸಂಘದ ಸದಸ್ಯರೆಲ್ಲರ ಮನೆಯಲ್ಲೂ ಇಂಥದೊಂದು ಪ್ರಸಂಗ ಇದ್ದೀತು. ನಮ್ಮನ್ನು ಯಾರೂ ಹೊಡೆಯಲಿಲ್ಲ, ಓಡಿಸಲಿಲ್ಲ. ತಮ್ಮ ಅನುಕೂಲಕ್ಕೆ ಬೇರೊಂದು ಹೆಸರಿನಲ್ಲಿ ಬರೆದುಕೊಂಡರು, ಅಷ್ಟೆ. ಅಷ್ಟಕ್ಕೇ ನಾವು ಸಂಘ ಕಟ್ಟಿದೆವು. ಆ ತಂದೆಯ ಮಗನೇ ಇಪ್ಪತ್ತು ವರ್ಷಗಳ ಬಳಿಕ ಇನ್ನೊಬ್ಬರ ಕಲಮಿನಲ್ಲಿ ಕೇಳದೆ ಬರೆದದ್ದು.

ಇದು ಧರ್ಮವಿರುದ್ಧವಲ್ಲವೇ, ಸಂತಾನವಿಲ್ಲದ ಸಂಸಾರ ಎಂಥದು ಎಂದು ಕೇಳುವ ಹಿರಿಯ ಮಿತ್ರರಿದ್ದಾರೆ. ಮಕ್ಕಳಿಲ್ಲದ ದಂಪತಿಗಳು ನಮ್ಮಲ್ಲಿ ಎಷ್ಟೋ ಮಂದಿ. ಅವರ ಮನೆಯನ್ನು ಸಂಸಾರವಲ್ಲವೆಂದು ಯಾರೂ ಹೇಳಿಲ್ಲ. ಸಪ್ತಪದಿಯಲ್ಲಿ ಅನ್ನಕ್ಕೆ, ಬಲಕ್ಕೆ, ಸಂತತಿಗೆ ಎಂದೆಲ್ಲ ಹೆಜ್ಜೆಗಳಿದ್ದರೂ ಕಡೆಯ ಹೆಜ್ಜೆ ಸಖ್ಯಕ್ಕೆ. ಜೊತೆಗೆ ಉಪ್ಪು ಉಣ್ಣದೆ ಒಬ್ಬರನ್ನೊಬ್ಬರು ಅರಿಯಲಾಗದೆಂಬ ನಾಣ್ಣುಡಿಯನ್ನು ಅರಿಸ್ಟಾಟಲನೂ ಸ್ನೇಹದ ವಿಚಾರದಲ್ಲಿ ಉಲ್ಲೇಖಿಸಿದ್ದಾನೆ. ಆ ಉಪ್ಪಿನ ಲೆಕ್ಕದಲ್ಲಿ ಇವರು ನಮಗಿಂತ ಹಿಂದೆ ಬಿದ್ದವರಲ್ಲ.

ಆದರೆ ಸಖ್ಯವು ಸುಖದ ದಿನಗಳಿಗೆ ಸಾಕಾದೀತು. ಕಷ್ಟದ ದಿನಕ್ಕೆ ಕಾಗದ ಬೇಕು. ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಮತ್ತು ಆಲಿಸ್ ಟೋಕ್ಲಾಸ್ ಪ್ಯಾರಿಸ್ಸಿನಲ್ಲಿ ಮೂವತ್ತೈದಕ್ಕೂ ಹೆಚ್ಚು ವರ್ಷ ಒಟ್ಟಿಗೆ ಬಾಳಿದರು. ಹಳೆಯ ಫೋರ್ಡ್ ಕಾರಿನಲ್ಲಿ ಹಳ್ಳಿಗಾಡು ಸುತ್ತುವುದು, ಬೇಸಿಗೆಗೆ ಬೆಟ್ಟದ ಕಡೆಯ ಮನೆಗೆ ಹೋಗುವುದು ಅವರ ಸಂತೋಷಗಳು. 1946ರಲ್ಲಿ ಸ್ಟೈನ್ ತೀರಿಕೊಂಡರು. ಟೋಕ್ಲಾಸ್ ಅವರಿಗೆ ಪತ್ನಿಯ ಹಕ್ಕು ಇರಲಿಲ್ಲ. 1961ರಲ್ಲಿ ಅವರು ಊರಲ್ಲಿ ಇಲ್ಲದಾಗ ಗೋಡೆಯ ಮೇಲಿದ್ದ ಚಿತ್ರಗಳನ್ನೆಲ್ಲ ವಾರಸುದಾರರ ಪರವಾಗಿ ತೆಗೆದುಕೊಂಡು ಹೋದರು. 1967ರಲ್ಲಿ ಟೋಕ್ಲಾಸ್ ಬಡತನದಲ್ಲಿ ಸತ್ತರು. ಅವರ ಹೆಸರು ಸ್ಟೈನ್ ಅವರ ಸಮಾಧಿಯ ಕಲ್ಲಿನ ಹಿಂಬದಿಯಲ್ಲಿದೆ.

ನಮ್ಮ ರಾಜ್ಯದ ರಾಜಧಾನಿಯಲ್ಲಿಯೇ ನೆಲೆಸಿದ್ದ ಸುಪ್ರಿಯೊ ಚಕ್ರವರ್ತಿ, ಅಭಯ್ ಡಾಂಗ್ ಎಂಬ ಇಬ್ಬರು ಪುರುಷರು ತಮ್ಮ ವಿವಾಹಕ್ಕೆ ಮಾನ್ಯತೆ ಬೇಡಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳ ಪೀಠವು, ಅದು ಶಾಸನಸಭೆಯ ಕೆಲಸವೆಂದು ಹೇಳಿ ಮಾನ್ಯತೆ ಕೊಡಲಿಲ್ಲ. ಆದರೆ 2024ರ ಆಗಸ್ಟ್ 28ರಂದು ಕೇಂದ್ರ ಹಣಕಾಸು ಸಚಿವಾಲಯವು, ಇಂಥ ಜೊತೆಗಾರರು ಜಂಟಿ ಖಾತೆ ತೆರೆಯಲೂ ಒಬ್ಬರನ್ನೊಬ್ಬರು ನಾಮಿನಿ ಮಾಡಲೂ ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸಬೇಕೆಂದು ಆಹಾರ ಇಲಾಖೆಯಿಂದ ರಾಜ್ಯಗಳಿಗೆ ಪತ್ರ ಹೋಯಿತು. ಗಣತಿಯ ಒಲೆಯ ಲಕ್ಷಣವು ಹೀಗೆ ಬೇರೊಂದು ಬಾಗಿಲಿನಿಂದ ಒಳಗೆ ಬಂತು. ಹಿರಿಯಾಕೆ ಮನೆಯನ್ನು ಕಿರಿಯಾಕೆಯ ಹೆಸರಿಗೆ ವಿಲ್ ಬರೆದಿದ್ದಾರೆ. ಸಾಕ್ಷಿಗೆ ನಾವು ಮತ್ತು ನಮ್ಮ ಶ್ರೀಮತಿಯವರು ಸಹಿ ಹಾಕಿದ್ದೇವೆ. ಈ ಸಲದ ಸಹಿಗೆ ಮೊದಲು ಅವರನ್ನು ಕೇಳಿದೆವು, ಏನೆಂದು ಬರೆಯಬೇಕೆಂದು. ಕಿರಿಯಾಕೆಯ ಹೆಸರಿನ ಹಿಂದೆ ‘ನನ್ನ ಬಾಳ ಸಂಗಾತಿ’ ಎಂದು ಹಿರಿಯಾಕೆಯೇ ಹೇಳಿ ಬರೆಸಿದರು.

2027ರ ಫೆಬ್ರವರಿಯಲ್ಲಿ ಮತ್ತೆ ಜನರ ಎಣಿಕೆ. ಯಾರೋ ಒಬ್ಬ ಕಿರಿಯ ಉಪಾಧ್ಯಾಯರು ಆ ಮನೆಯ ಬಾಗಿಲಿಗೂ ಬರುತ್ತಾರೆ. ಕಳೆದ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತಾಗ ಆ ಮಾತು ಬಂತು. ಕೇಳಿದರೆ ಏನು ಹೇಳುವುದೆಂದು ಕಿರಿಯಾಕೆ ಹಿರಿಯಾಕೆಯ ಕಡೆ ನೋಡಿದರು. ಹಿರಿಯಾಕೆ ಭಜ್ಜಿ ಬಡಿಸುತ್ತಿದ್ದರು. “ಮೊದಲ ಅವರು ಕೇಳಲಿ” ಎಂದರು.