ಕೊಂಡವನೇ ಒಡೆಯನೆ?

ನಮ್ಮ ಮನೆಯ ಲ್ಯಾಪ್‌ಟಾಪ್ ಹಳೆಯದು, ಆದರೆ ಕೆಟ್ಟದ್ದಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ, ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಾಗದೆ ಅದಕ್ಕೆ ಲಿನಕ್ಸ್ ಹಾಕಿಸಿದೆವು. ಪರದೆ ಬೆಳಗಿತು, ಕೀಲಿಮಣೆ ಕನ್ನಡ ಬರೆಯಿತು. ವೈಫೈ ಮಾತ್ರ ಏಳಲಿಲ್ಲ. ಅದರ ಚಿಪ್ಪಿಗೆ ‘ಫರ್ಮ್‌ವೇರ್’ ಎಂಬ ಪುಟ್ಟ ತಂತ್ರಾಂಶ ಬೇಕಂತೆ. ಅದನ್ನು ಇತರರು ಹಂಚಲು ತಯಾರಕರ ಒಪ್ಪಿಗೆಯಿಲ್ಲ. ಅಂತರ್ಜಾಲದಿಂದ ನಾವೇ ಇಳಿಸಿಕೊಳ್ಳಬೇಕು. ವೈಫೈ ಇಲ್ಲದೆ ಇಳಿಸುವುದೆಂತು? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು! ಕೊನೆಗೆ ಮೊಬೈಲನ್ನು ತಂತಿಯಿಂದ ಜೋಡಿಸಿ ಕೆಲಸ ಸಾಧಿಸಿದೆವು. ವೈಫೈ ಬಂತು, ಜೊತೆಗೆ ಒಂದು ಪ್ರಶ್ನೆಯೂ ಬಂತು. ಹಣ ಕೊಟ್ಟು ಕೊಂಡ ಈ ಯಂತ್ರ ನಿಜವಾಗಿ ಯಾರದು?

ಪ್ರಶ್ನೆ ಹೊಸದೇನಲ್ಲ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಸಂಸ್ಥೆಯ ಹೊಸ ಲೇಸರ್ ಮುದ್ರಕವೊಂದು ಬಂದಿತ್ತು. ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸೂಚನೆ ಹೋಗುವ ಏರ್ಪಾಡನ್ನು ರಿಚರ್ಡ್ ಸ್ಟಾಲ್‌ಮನ್ ಹಳೆಯ ಮುದ್ರಕಕ್ಕೆ ಮಾಡಿದ್ದರು. ಹೊಸದಕ್ಕೂ ಮಾಡೋಣವೆಂದರೆ ಅದರ ತಂತ್ರಾಂಶದ ಮೂಲಪಾಠ ಸಿಗಲಿಲ್ಲ. ಅದನ್ನು ಬಲ್ಲ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರು, ಯಾರಿಗೂ ಕೊಡೆನೆಂದು ಮಾತು ಕೊಟ್ಟಿದ್ದರಿಂದ, ಕೊಡಲು ನಿರಾಕರಿಸಿದರು. ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಸಾರಿದರು. ಮುಕ್ತ ತಂತ್ರಾಂಶದ ಚಳವಳಿಗೆ ಬೀಜ ಬಿದ್ದದ್ದು ಹೀಗೆ, ಮಾತು ಕೇಳದ ಒಂದು ಯಂತ್ರದ ಮುಂದೆ.

ತಯಾರಕರಿಗೂ ಅವರ ನ್ಯಾಯವಿದೆ. ಗುಟ್ಟು ಬಿಟ್ಟರೆ ಎದುರಾಳಿ ಲಾಭ ಪಡೆದಾನೆಂಬ ಭಯ ಸುಳ್ಳಲ್ಲ. ಆದರೆ ಯಂತ್ರದೊಡನೆ ಮಾತಾಡುವ ರೀತಿಯನ್ನು ತಿಳಿಸುವುದು ಬೇರೆ, ಕಾರ್ಖಾನೆಯನ್ನೇ ಬರೆದುಕೊಡುವುದು ಬೇರೆ. ಮುಂಬಯಿಯಲ್ಲಿ ಬಾಡಿಗೆ ಮನೆ ಹಿಡಿದ ನಮ್ಮಲ್ಲಿ ಅನೇಕರಿಗೆ, ಒಂದು ಕೋಣೆಗೆ ಬೀಗ ಹಾಕಿ ಮಿಕ್ಕದ್ದನ್ನು ಕೊಟ್ಟ ಯಜಮಾನರು ಗೊತ್ತು. ಬಾಡಿಗೆಗಾದರೆ ಅದು ಒಪ್ಪಂದ. ಮನೆ ಕೊಂಡ ಮೇಲೂ ಆ ಬೀಗದ ಕೈ ಅವರ ಸೊಂಟದಲ್ಲೇ ಇದ್ದರೆ ನಾವು ಸುಮ್ಮನಿರುತ್ತೇವೆಯೇ?

ಇಷ್ಟು ಹೇಳುವ ನಾವೇ ಆ ಮುಚ್ಚಿದ ಫರ್ಮ್‌ವೇರನ್ನು ಇಳಿಸಿಕೊಂಡೆವಲ್ಲ, ಅದು ಸರಿಯೆ? ಲಿನಕ್ಸ್ ಆಧಾರಿತ ಡೆಬಿಯನ್ ವ್ಯವಸ್ಥೆಯನ್ನು ಕಟ್ಟುವವರಿಗೂ ಇದೇ ಧರ್ಮಸಂಕಟ ಒದಗಿತ್ತು. ತತ್ತ್ವಕ್ಕೆ ಅಂಟಿಕೊಂಡರೆ ಹೊಸಬರ ಯಂತ್ರವೇ ನಡೆಯದು. ಸಡಿಲಿಸಿದರೆ ತತ್ತ್ವವೆಲ್ಲಿ ಉಳಿಯಿತು? 2022ರಲ್ಲಿ ಅವರು ಮತ ಹಾಕಿ ನಿರ್ಧರಿಸಿದರು: ಹಂಚಲು ಅನುಮತಿಯಿರುವ ಮುಚ್ಚಿದ ಫರ್ಮ್‌ವೇರನ್ನು ತಮ್ಮ ಅಧಿಕೃತ ಪ್ರತಿಯಲ್ಲಿ ಸೇರಿಸಬಹುದು, ಆದರೆ ಅದನ್ನು ಬೇರೆಯಾಗಿಯೇ ಗುರುತಿಸಿಡಬೇಕು, ಬಳಸಿದರೆ ಬಳಕೆದಾರನಿಗೆ ತಿಳಿಸಬೇಕು, ಬೇಡವೆನ್ನಲು ದಾರಿ ಬಿಡಬೇಕು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಇದು ಜಾರಿಗೆ ಬಂತು.

ಈ ತೀರ್ಮಾನದಲ್ಲಿ ನಮಗೊಂದು ವಿವೇಕ ಕಾಣುತ್ತದೆ. ಊರು ಬಿಟ್ಟು ಬಂದ ನಾವು ದಿನವೂ ರಾಜಿ ಮಾಡಿಕೊಂಡೇ ಬಾಳುವವರು. ರಾಜಿಯೇ ತಪ್ಪೆಂದು ಹೇಳಲಾರೆವು. ರಾಜಿ ಮಾಡಿಕೊಂಡದ್ದನ್ನು ಮರೆತು, ಅದನ್ನೇ ಸಹಜವೆಂದುಕೊಳ್ಳುವುದು ತಪ್ಪು. ಬೀಗವಿದ್ದ ಕೋಣೆ ಕ್ರಮೇಣ ಗೋಡೆಯಂತೆಯೇ ಕಾಣತೊಡಗುತ್ತದೆ.

ಮುಂದಿನ ಸಲ ಕಂಪ್ಯೂಟರ್ ಕೊಳ್ಳುವಾಗ, ಬೆಲೆಯ ಜೊತೆಗೆ ‘ಇದರಲ್ಲಿ ಲಿನಕ್ಸ್ ನಡೆಯುತ್ತದೆಯೇ?’ ಎಂದೂ ಕೇಳೋಣ. ಅಂಗಡಿಯವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಹತ್ತು ಜನ ಕೇಳಿದರೆ ಅವನೂ ತನಗೆ ಸರಕು ಕೊಡುವವನನ್ನು ಕೇಳಿಯಾನು.